ಕಸುವು ಕಡಿಮೆ, ಓಟ ಜೋರು

ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಕಡಿಮೆ. ಆದರೂ ಟರ್ಬೊ ಹಾಕಿದ ರೇಸ್ ಕಾರುಗಳಿಗೆ ಅದೇ ಅಚ್ಚುಮೆಚ್ಚು. ಇದು ಹೇಗೆ ಸಾಧ್ಯ? ಅದಕ್ಕಾಗಿ ಇಂಜಿನ್ನಿನಲ್ಲಿ ಏನೇನು ಬದಲಿಸಬೇಕು? ನಮ್ಮ ನಿಮ್ಮ ಗಾಡಿಯ ಮೈಲೇಜಿಗೂ ಇದಕ್ಕೂ ಏನು ನಂಟು?

ಕಾರ್ತಿಕ ಮುಗಿಯುವ ಹೊತ್ತಿಗೆ ಪೀರನವಾಡಿಯಲ್ಲಿ ರಸ್ತೆ ದಾಟುವುದೇ ಕಷ್ಟ. ಬೆಳಗಾವಿ ಬಿಟ್ಟು ಬಂದ ದಾರಿ ಇಲ್ಲಿ ಎರಡಾಗುತ್ತದೆ. ಒಂದು ಮಚ್ಛೆ, ದೇಸೂರು ದಾಟಿ ಖಾನಾಪುರಕ್ಕೆ ಹೋದರೆ ಇನ್ನೊಂದು ಜಾಂಬೋಟಿ ಮೇಲೆ ಹಾಯ್ದು ಚೋರ್ಲಾ ಘಾಟ್ ಇಳಿದು ಗೋವಾ ಸೇರುತ್ತದೆ. ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಸಾಗುತ್ತವೆ. ಶನಿವಾರವಾದರಂತೂ ಅವುಗಳ ಬೆನ್ನಿಗೆ ಗೋವಾಕ್ಕೆ ಹೊರಟ ಕಾರುಗಳ ಸಾಲು. ಜಾಗ ಸಿಕ್ಕ ಕೂಡಲೇ ಒಂದು ಟರ್ಬೊ ಕಾರು ಗೇರ್ ಇಳಿಸಿ ಮುನ್ನುಗ್ಗುತ್ತದೆ. ಬಾನೆಟ್ಟಿನೊಳಗಿಂದ ಸಣ್ಣ ಶಿಳ್ಳೆಯಂಥ ಸದ್ದು ಕೇಳಿಸುತ್ತದೆ.

ಮುಂದಿನ ಟ್ರೇಲರಿನಲ್ಲಿರುವ ಕಬ್ಬಿಗೂ ಹಿಂದಿನ ಕಾರಿನ ಟ್ಯಾಂಕಿನಲ್ಲಿರುವ ಪೆಟ್ರೋಲಿಗೂ ಈಗ ಸಂಬಂಧ ಬೆಳೆದಿದೆ. ಇಂದು ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನ ಐದನೇ ಒಂದು ಪಾಲು ಎಥೆನಾಲ್. 'ಮೈಲೇಜ್ ಬಿತ್ತು' ಎಂಬ ಗೊಣಗಾಟ ಅದರ ಸುತ್ತಲೇ ಇದೆ. ವಿಚಿತ್ರವೆಂದರೆ, ಜಗತ್ತಿನ ಅತಿ ವೇಗದ ಕಾರುಗಳ ಪೈಕಿ ಹಲವು ಇದೇ ಎಥೆನಾಲನ್ನು ಶೇ 85ರಷ್ಟು ಬೆರೆಸಿಕೊಂಡು ಪೆಟ್ರೋಲಿನಲ್ಲಿ ಕಾಣದ ಅಶ್ವಶಕ್ತಿ ತೋರಿಸುತ್ತವೆ. ಇಂಧನ ಒಂದೇ ಆದರೂ ಒಬ್ಬರಿಗೆ ನಷ್ಟ, ಇನ್ನೊಬ್ಬರಿಗೆ ಲಾಭ. ಈ ವ್ಯತ್ಯಾಸ ಹುಟ್ಟುವುದು ಇಂಜಿನ್ನನ್ನು ಇಂಧನಕ್ಕೆ ಹೇಗೆ ಹೊಂದಿಸಿದ್ದಾರೆ ಎಂಬುದರಲ್ಲಿ.

ಗಾಣದಿಂದ ಬಂಕಿಗೆ

ವಾಹನಕ್ಕೆ ಆಲ್ಕೋಹಾಲ್ ಬೆರೆಸುವ ವಿಚಾರ ನಮಗೆ ಹೊಸದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕೇಂದ್ರ ಸರ್ಕಾರ 'ಪವರ್ ಆಲ್ಕೋಹಾಲ್' ಕಾಯ್ದೆ ತಂದಿತ್ತು. ಅಗ್ಗದ ಕಚ್ಚಾತೈಲದ ಕಾಲದಲ್ಲಿ ಅದು ಮೂಲೆಗೆ ಸರಿಯಿತು. 2014ರಲ್ಲಿ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ 1.5ರ ಆಸುಪಾಸಿನಲ್ಲಿತ್ತು. 2022ರ ಜೂನ್ ಹೊತ್ತಿಗೆ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಮೋದಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು.

ಬೆಳಗಾವಿ ಜಿಲ್ಲೆಗೆ ಇದು ಬರೀ ಸುದ್ದಿಯಲ್ಲ, ವ್ಯವಹಾರ. ಅಥಣಿ ಸೀಮೆಯ ಉಗಾರದಲ್ಲಿ 1939ರಿಂದಲೇ ಸಕ್ಕರೆ ಕಾರ್ಖಾನೆಯ ಕಥೆ ಶುರುವಾಗಿದೆ. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಗಾಣ ಹೂಡಿದ ಶ್ರೀ ರೇಣುಕಾ ಶುಗರ್ಸ್, 2010ರ ಹೊತ್ತಿಗೆ ಎಥೆನಾಲ್‌ನ ತವರಾದ ಬ್ರೆಜಿಲ್‌ಗೇ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ಕೊಂಡಿತ್ತು. ಬೆಳಗಾವಿ ನಗರದಲ್ಲೇ ಇರುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಈ ಉದ್ಯಮಕ್ಕೆ ಬೇಕಾದ ತಂತ್ರಜ್ಞರನ್ನು ತಯಾರು ಮಾಡುತ್ತದೆ. 2025ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕಬ್ಬಿನ ದರಕ್ಕಾಗಿ ಧರಣಿ ಕೂತಾಗ ಎಥೆನಾಲ್ ಹಂಚಿಕೆಯ ವಿಷಯವೂ ಚರ್ಚೆಗೆ ಬಂತು.

ಒಂದು ಟನ್ ಕಬ್ಬಿನ ರಸವನ್ನು ಪೂರ್ತಿ ಹುಳಿಸಿ ಬಟ್ಟಿ ಇಳಿಸಿದರೆ ಸುಮಾರು 70 ಲೀಟರ್ ಎಥೆನಾಲ್ ಸಿಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೂ ಮಾಡಬಹುದು. ಈಚೆಗೆ ಮೆಕ್ಕೆಜೋಳದ ಪಾಲೂ ದೊಡ್ಡದಾಗಿದೆ. ಸಾಮಾನ್ಯ ಬಟ್ಟಿಯಲ್ಲಿ ಸ್ಪಿರಿಟ್ ಶೇ 95ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಉಳಿದದ್ದು ನೀರು. ಪೆಟ್ರೋಲಿಗೆ ಬೆರೆಸಬೇಕಾದರೆ ಆ ನೀರನ್ನೂ ಹೀರಿ ತೆಗೆದು ಶುದ್ಧತೆಯನ್ನು ಶೇ 99.5ರ ಮೇಲಕ್ಕೆ ಒಯ್ಯಬೇಕು.

ಟರ್ಬೊ ಮಾಡುವ ಕೆಲಸ

ಇಂಜಿನ್ನಿಗೆ ಪೆಟ್ರೋಲ್ ಸುರಿಯುವುದು ಕಷ್ಟದ ಕೆಲಸವಲ್ಲ, ಗಾಳಿ ತುಂಬುವುದು ಕಷ್ಟ. ಸಾಮಾನ್ಯ ಇಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿ ತನ್ನ ಒತ್ತಡಕ್ಕೆ ಎಷ್ಟು ನುಗ್ಗುತ್ತದೋ ಅಷ್ಟೇ ಲಭ್ಯ. ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಗಾಳಿ ಪಣಜಿಗಿಂತ ತುಸು ತೆಳು. ಹಾಗಾಗಿ ಅದೇ ಕಾರಿಗೆ ಇಲ್ಲಿ ಉಸಿರು ಸ್ವಲ್ಪ ಕಡಿಮೆ.

ಟರ್ಬೊ ಈ ಕೊರತೆ ನೀಗಿಸುತ್ತದೆ. ಹೊಗೆಕೊಳವೆಯಲ್ಲಿ ವ್ಯರ್ಥವಾಗಿ ಹೋಗುವ ಬಿಸಿ ಅನಿಲ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಈ ಹೆಚ್ಚುವರಿ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಒಂದು ಬಾರ್ ಬೂಸ್ಟ್ ಎಂದರೆ ಹೆಚ್ಚುಕಡಿಮೆ ದುಪ್ಪಟ್ಟು ಒತ್ತಡದ ಗಾಳಿ. ಗಾಳಿ ಹೆಚ್ಚಿದಷ್ಟೂ ಇಂಧನ ಉರಿಸಬಹುದು, ಶಕ್ತಿ ತೆಗೆಯಬಹುದು.

ಆದರೆ ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 30 ಡಿಗ್ರಿಯ ಗಾಳಿಯನ್ನು ಒಂದು ಬಾರ್ ಬೂಸ್ಟಿಗೆ ಒತ್ತಿದರೆ ಟರ್ಬೊದಿಂದ ಹೊರಬರುವಾಗ ಅದರ ಬಿಸಿ 120 ಡಿಗ್ರಿ ಮುಟ್ಟಬಹುದು. ಇಂಟರ್‌ಕೂಲರ್ ಹಾಕಿ ತಣಿಸಿದರೂ ಸಿಲಿಂಡರಿನಲ್ಲಿ ಪಿಸ್ಟನ್ ಅದನ್ನು ಮತ್ತೆ ಒತ್ತುತ್ತದೆ. ತೊಡಕು ಹುಟ್ಟುವುದು ಆಗಲೇ.

ಇಂಜಿನ್ ಬಡಿಯುವುದೇಕೆ?

ಗ್ಯಾರೇಜುಗಳಲ್ಲಿ 'ಇಂಜಿನ್ ಬಡ್ಯಾಕತ್ತೈತಿ' ಎನ್ನುವ ಮಾತು ಕೇಳಿರುತ್ತೀರಿ. ಸರಿಯಾದ ದಹನದಲ್ಲಿ ಪ್ಲಗ್ ಕಿಡಿ ಕೊಟ್ಟಲ್ಲಿಂದ ಬೆಂಕಿ ಕ್ರಮವಾಗಿ ಹಬ್ಬುತ್ತ ಹೋಗಬೇಕು. ಒಳಗಿನ ಬಿಸಿ ಮತ್ತು ಒತ್ತಡ ಮಿತಿ ಮೀರಿದರೆ ಬೆಂಕಿ ತಲುಪುವ ಮುನ್ನವೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆಗ ಏಳುವ ಒತ್ತಡದ ಅಲೆಗಳು ಲೋಹವನ್ನು ಬಡಿದಾಗ ಕಟಕಟ ಸದ್ದು ಬರುತ್ತದೆ. ಇದೇ ನಾಕಿಂಗ್. ಸಾದಾ ಇಂಜಿನ್ನಿನಲ್ಲಿ ಅದು ಕಿರಿಕಿರಿಯಾದರೆ, ಬೂಸ್ಟ್ ಹೆಚ್ಚಿದ ಇಂಜಿನ್ನಿನಲ್ಲಿ ಕ್ಷಣಮಾತ್ರದಲ್ಲಿ ಪಿಸ್ಟನ್ ಒಡೆಯಬಲ್ಲದು.

ನಾಕಿಂಗನ್ನು ತಡೆದುಕೊಳ್ಳುವ ಗುಣಕ್ಕೆ ಆಕ್ಟೇನ್ ಸಂಖ್ಯೆ ಅಳತೆ. ನಮ್ಮ ಸಾದಾ ಪೆಟ್ರೋಲ್ 91, ಇ20 ಸುಮಾರು 95, ಬರೀ ಎಥೆನಾಲ್ ಸುಮಾರು 108. ಪೆಟ್ರೋಲಿನಲ್ಲಿ ಟರ್ಬೊ ಇಂಜಿನ್ನನ್ನು ಹದಗೊಳಿಸುವವರು ಸದಾ ನಾಕಿಂಗ್‌ಗೆ ಹೆದರಿ ಕೆಲಸ ಮಾಡುತ್ತಾರೆ. ಕಿಡಿಯನ್ನು ಬೇಕಾದ್ದಕ್ಕಿಂತ ತಡಮಾಡಿ ಕೊಡುತ್ತಾರೆ, ಬೂಸ್ಟನ್ನು ತಗ್ಗಿಸುತ್ತಾರೆ. ಹೀಗೆ ಇಂಜಿನ್ನಿಗೆ ಇರುವ ತಾಕತ್ತಿನ ಒಂದು ಪಾಲು ಬಳಕೆಗೆ ಬಾರದೆ ಉಳಿದುಬಿಡುತ್ತದೆ.

ಗಾಳಿಯ ಲೆಕ್ಕ ಹಾಕಿ ನೋಡಿ

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ ಇದ್ದರೆ ಒಂದು ಲೀಟರ್ ಎಥೆನಾಲಿನಲ್ಲಿ ಸುಮಾರು 21. ಮೈಲೇಜ್ ಲೆಕ್ಕ ಹಾಕುವವರು ನೋಡುವುದು ಇದನ್ನೇ.

ರೇಸಿನವರು ನೋಡುವ ಲೆಕ್ಕ ಬೇರೆ. ಅವರಿಗೆ ಇಂಧನಕ್ಕಿಂತ ಗಾಳಿ ದುರ್ಲಭ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥೆನಾಲಿಗೆ 9 ಕಿಲೋ ಸಾಕು, ಅದರ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ. ಅಂದರೆ ಸಿಲಿಂಡರಿಗೆ ಹೋದ ಅಷ್ಟೇ ಗಾಳಿಗೆ ಎಥೆನಾಲನ್ನು ಹೆಚ್ಚು ಸುರಿಯಬಹುದು. ಹೀಗೆ ಗುಣಿಸಿ ಭಾಗಿಸಿದರೆ ಒಂದು ಕಿಲೋ ಗಾಳಿಯಿಂದ ಸಿಗುವ ಶಕ್ತಿ ಎರಡರಲ್ಲೂ ಸರಿಸುಮಾರು ಒಂದೇ, ಮೂರು ಮೆಗಾಜೌಲಿನ ಹತ್ತಿರ.

ಲೀಟರಿನಲ್ಲಿ ಸೋತದ್ದು ಗಾಳಿಯ ಲೆಕ್ಕದಲ್ಲಿ ಸಮವಾಯಿತು. ಇನ್ನು ಲಾಭ ಬರುವುದು ಎರಡು ಕಡೆಯಿಂದ. ಒಂದು, ಆಗಲೇ ಹೇಳಿದ ಆಕ್ಟೇನ್. ಇನ್ನೊಂದು ತಂಪು.

ಇಂಜೆಕ್ಷನ್ ಚುಚ್ಚುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುತ್ತದಲ್ಲ, ಇಂಜಿನ್ ಒಳಗೂ ಅದೇ ನಡೆಯುತ್ತದೆ. ದ್ರವ ಆವಿಯಾಗಲು ಬಿಸಿ ಬೇಕು, ಆ ಬಿಸಿಯನ್ನು ಅದು ಸುತ್ತಲಿನಿಂದ ಕಿತ್ತುಕೊಳ್ಳುತ್ತದೆ. ಕಿಲೋ ಲೆಕ್ಕದಲ್ಲಿ ಎಥೆನಾಲ್ ಪೆಟ್ರೋಲಿಗಿಂತ ಎರಡೂವರೆ ಪಟ್ಟು ಬಿಸಿ ಹೀರುತ್ತದೆ. ಸುರಿಯುವ ಪ್ರಮಾಣವೂ ಹೆಚ್ಚಿರುವುದರಿಂದ ಅಷ್ಟೇ ಗಾಳಿಗೆ ಸಿಗುವ ತಂಪು ಸುಮಾರು ನಾಲ್ಕು ಪಟ್ಟು. ಟರ್ಬೊ ಕಾಯಿಸಿದ್ದನ್ನು ಇಂಧನವೇ ತಣಿಸುತ್ತದೆ. ತಣಿದ ಗಾಳಿ ಕುಗ್ಗುವುದರಿಂದ ಇನ್ನಷ್ಟು ಗಾಳಿಗೂ ಜಾಗವಾಗುತ್ತದೆ.

ಹೀಗಾಗಿಯೇ ಎಥೆನಾಲ್ ಬೂಸ್ಟಿನ ಜೋಡಿದಾರ. ಟರ್ಬೊ ಇಲ್ಲದ, ಕಂಪ್ರೆಷನ್ ಕಡಿಮೆ ಇರುವ ಸಾದಾ ಇಂಜಿನ್ನಿಗೆ ಇದೇ ಇಂಧನ ಹಾಕಿದರೆ ಅದರ ಗುಣಗಳಿಗೆ ಕೆಲಸವೇ ಇರುವುದಿಲ್ಲ, ಖರ್ಚು ಮಾತ್ರ ಕಾಣುತ್ತದೆ.

ಮೊದಲು ಪಂಪು, ಇಂಜೆಕ್ಟರ್

ಲ್ಯಾಪ್‌ಟಾಪ್ ತೆರೆಯುವ ಮೊದಲು ಸ್ಪ್ಯಾನರ್ ಹಿಡಿಯಬೇಕು. ಪೆಟ್ರೋಲಿನಲ್ಲಿ 300 ಅಶ್ವಶಕ್ತಿ ಕೊಡುವ ನಾಲ್ಕು ಸಿಲಿಂಡರಿನ ಟರ್ಬೊ ಇಂಜಿನ್ ಒಂದಿದೆ ಎಂದುಕೊಳ್ಳಿ. ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಅದು ನಿಮಿಷಕ್ಕೆ ಸುಮಾರು 1.8 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಎಥೆನಾಲ್ ಆದರೆ ಸುಮಾರು 2.8 ಲೀಟರ್, ಅಂದರೆ ಒಂದೂವರೆ ಪಟ್ಟು.

ಇದನ್ನು ನಾಲ್ಕು ಇಂಜೆಕ್ಟರುಗಳಿಗೆ ಹಂಚಬೇಕು. ಇಂಜೆಕ್ಟರ್ ಸದಾ ತೆರೆದೇ ಇರುವಂತೆ ದುಡಿಸಿದರೆ ಹತೋಟಿ ತಪ್ಪುತ್ತದೆ. ಹಾಗಾಗಿ ಅದರ ಸಾಮರ್ಥ್ಯದ ಶೇ 80ರ ಮೇಲೆ ಹೋಗುವುದಿಲ್ಲ. ಆ ಲೆಕ್ಕದಲ್ಲಿ ಪೆಟ್ರೋಲಿಗೆ ನಿಮಿಷಕ್ಕೆ 575 ಸಿಸಿಯ ಇಂಜೆಕ್ಟರ್ ಸಾಕಾಗಿದ್ದ ಕಡೆ ಎಥೆನಾಲಿಗೆ 880 ಸಿಸಿಯದು ಬೇಕು. ಬೂಸ್ಟ್ ಏರಿಸಿ ಶಕ್ತಿ ಹೆಚ್ಚಿಸುವುದಾದರೆ ಇನ್ನೂ ದೊಡ್ಡದು. ಪಂಪು, ಪೈಪು, ಫಿಲ್ಟರ್ ಎಲ್ಲಕ್ಕೂ ಇದೇ ಲೆಕ್ಕ. ಇಲ್ಲಿ ಜಿಪುಣತನ ಮಾಡಿದರೆ ಓಟ ಜೋರಾದ ಹೊತ್ತಿಗೇ ಇಂಧನ ಸಾಲದೆ ಹೋಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ ಕರಗುತ್ತದೆ.

ಸಾಮಾನುಗಳ ಜಾತಿಯೂ ಬದಲಾಗಬೇಕು. ಹಳೆಯ ರಬ್ಬರ್ ಪೈಪುಗಳು ಎಥೆನಾಲಿನಲ್ಲಿ ಉಬ್ಬುತ್ತವೆ, ಬಿರುಕು ಬಿಡುತ್ತವೆ. ಬರೀ ಅಲ್ಯೂಮಿನಿಯಂ, ಸತುವಿನ ಲೇಪ ತುಕ್ಕಿಗೆ ಸಿಗುತ್ತವೆ. ಟೆಫ್ಲಾನ್ ಒಳಪದರದ ಪೈಪು, ವೈಟಾನ್ ಸೀಲು, ಸ್ಟೇನ್‌ಲೆಸ್ ಸ್ಟೀಲ್ ಬೇಕು. ಪ್ಲಗ್ಗೂ ಬೇರೆ. ಕಾದ ಲೋಹದ ತುದಿ ಸೋಕಿದರೆ ಕಿಡಿಗೂ ಮೊದಲೇ ಹೊತ್ತಿಕೊಳ್ಳುವ ಚಾಳಿ ಎಥೆನಾಲಿಗಿದೆ. ಅದಕ್ಕೆ ಬಿಸಿಯನ್ನು ಬೇಗ ಬಿಟ್ಟುಕೊಡುವ 'ಕೋಲ್ಡ್' ಪ್ಲಗ್ ಹಾಕುತ್ತಾರೆ.

ಡೈನೊ ಮೇಲೆ ಒಂದೊಂದೇ ಡಿಗ್ರಿ

ಇನ್ನು ಟ್ಯೂನಿಂಗ್. ಇಂಜಿನ್ನಿನ ಮೆದುಳಾದ ಇಸಿಯು ಒಳಗೆ ದೊಡ್ಡ ಮಗ್ಗಿ ಕೋಷ್ಟಕದಂಥ ಮ್ಯಾಪ್‌ಗಳಿರುತ್ತವೆ. ಇಷ್ಟು ವೇಗ, ಇಷ್ಟು ಒತ್ತಡ ಇದ್ದಾಗ ಇಷ್ಟು ಇಂಧನ ಬಿಡು, ಇಷ್ಟು ಮೊದಲು ಕಿಡಿ ಕೊಡು ಎಂದು ಮನೆ ಮನೆಯಲ್ಲೂ ಒಂದೊಂದು ಅಂಕಿ. ಕಾರಿನ ಚಕ್ರಗಳನ್ನು ಡೈನೊ ಎಂಬ ಉರುಳೆಯ ಮೇಲೆ ನಿಲ್ಲಿಸಿ, ಎದುರಿಗೆ ದೊಡ್ಡ ಫ್ಯಾನ್ ಇಟ್ಟು, ಆ ಅಂಕಿಗಳನ್ನು ತಿದ್ದುತ್ತ ಹೋಗುವುದೇ ಟ್ಯೂನರ್ ಕೆಲಸ.

ಮೊದಲಿಗೆ ಹೊಸ ಇಂಜೆಕ್ಟರಿನ ಅಳತೆಯನ್ನು ಇಸಿಯುಗೆ ಉಣಿಸಿ, ಇಂಜಿನ್ ನಿಂತಲ್ಲೇ ಸಮವಾಗಿ ತಿರುಗುವಂತೆ ಮಾಡುತ್ತಾರೆ. ಹೊಗೆಕೊಳವೆಯಲ್ಲಿ ಕೂರಿಸಿದ ಆಮ್ಲಜನಕ ಸೆನ್ಸರ್ ಮಿಶ್ರಣದ ಹದ ಹೇಳುತ್ತದೆ. ಅದರ ಅಳತೆಯೇ ಲ್ಯಾಂಬ್ಡಾ. ಲ್ಯಾಂಬ್ಡಾ 1 ಎಂದರೆ ಇಂಧನ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ. ಇಂಧನ ಯಾವುದೇ ಇರಲಿ, 1 ಎಂದರೆ 1. ಪೆಟ್ರೋಲಿನ 14.7, ಎಥೆನಾಲಿನ 9 ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಧಾನದ ಓಟಕ್ಕೆ 1ರ ಹತ್ತಿರ, ಪೂರ್ತಿ ಬೂಸ್ಟಿನಲ್ಲಿ 0.8ರ ಆಸುಪಾಸು ಇಟ್ಟು ಇಂಧನವನ್ನು ತುಸು ಹೆಚ್ಚೇ ಬಿಡುತ್ತಾರೆ.

ಆಮೇಲೆ ಕಿಡಿಯ ಸರದಿ. ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಕೊಡಬೇಕು? ಬೂಸ್ಟನ್ನು ಕಡಿಮೆ ಇಟ್ಟುಕೊಂಡು ಒಂದೊಂದೇ ಡಿಗ್ರಿ ಮುಂದೆ ತರುತ್ತಾರೆ. ಉದಾಹರಣೆಗೆ 18ರಿಂದ 19ಕ್ಕೆ ತಂದಾಗ ಡೈನೊ ಪರದೆಯ ಮೇಲೆ ಟಾರ್ಕ್ ಆರು ಅಂಕ ಏರಿತು. 20ಕ್ಕೆ ಎರಡೇ ಅಂಕ. 21ಕ್ಕೆ ಗೆರೆ ಕದಲಲೇ ಇಲ್ಲ. ಅಲ್ಲಿಗೆ ಕೈ ತಡೆದು ಒಂದೆರಡು ಡಿಗ್ರಿ ಹಿಂದೆ ಬರುತ್ತಾರೆ. ಹೀಗೆ ಪ್ರತಿ ವೇಗಕ್ಕೂ, ಪ್ರತಿ ಒತ್ತಡಕ್ಕೂ. ಆಮೇಲಷ್ಟೇ ಬೂಸ್ಟನ್ನು ಒಂದು ಮೆಟ್ಟಿಲು ಏರಿಸಿ ಮತ್ತೆ ಮೊದಲಿನಿಂದ ಶುರು.

ಸದ್ದಿಲ್ಲದ ಅಪಾಯ

ಪೆಟ್ರೋಲಿನಲ್ಲಿ ಕಿಡಿಯನ್ನು ಅತಿಯಾಗಿ ಮುಂದೆ ತಂದರೆ ಇಂಜಿನ್ ಬಡಿಯುತ್ತದೆ, ನಾಕ್ ಸೆನ್ಸರ್ ಎಚ್ಚರಿಸುತ್ತದೆ. ಎಥೆನಾಲಿನಲ್ಲಿ ಆ ಎಚ್ಚರಿಕೆ ಬಹಳ ಸಲ ಬರುವುದೇ ಇಲ್ಲ. ಟಾರ್ಕ್ ಏರುವುದು ನಿಂತ ಮೇಲೂ ಕಿಡಿಯನ್ನು ಮುಂದೆ ತರುತ್ತ ಹೋದರೆ ಸಿಲಿಂಡರಿನ ಒತ್ತಡ ಮಾತ್ರ ಬೆಳೆಯುತ್ತದೆ. ಸದ್ದಿಲ್ಲ, ಗದ್ದಲವಿಲ್ಲ. ಕೊನೆಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಕಿತ್ತು ಬರುತ್ತದೆ.

ಅಂದರೆ ಮಿತಿ ಇಲ್ಲಿ ಇಂಧನದ್ದಲ್ಲ, ಲೋಹದ್ದು. ಕಾರ್ಖಾನೆಯ ಇಂಜಿನ್ನಿಗೆ ಎಥೆನಾಲ್ ತುಂಬಿ ಬೂಸ್ಟ್ ಏರಿಸಿದವರು ಎಡವುವುದು ಹೆಚ್ಚಾಗಿ ಇಲ್ಲೇ. ರಾಡು, ಪಿಸ್ಟನ್, ಹೆಡ್ ಬೋಲ್ಟುಗಳನ್ನು ಗಟ್ಟಿಮುಟ್ಟಾದವುಗಳಿಂದ ಬದಲಿಸದೆ ಆ ದಾರಿಗೆ ಹೋಗಬಾರದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕ, ಮಷಿನಿಂಗ್ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಹಕ್ಕೆ ತಾಳಿಕೆ ಎಂಬುದೊಂದಿದೆ.

ಆದ್ದರಿಂದ ಒಳ್ಳೆಯ ಟ್ಯೂನರ್ ಕೊನೆಯಲ್ಲಿ ಕಾವಲು ಹಾಕುತ್ತಾನೆ. ಇಂಧನದ ಒತ್ತಡ ಕುಸಿದರೆ, ಲ್ಯಾಂಬ್ಡಾ ತೆಳುವಾದರೆ, ಬೂಸ್ಟ್ ಹದ್ದು ಮೀರಿದರೆ ಇಸಿಯು ತಾನಾಗಿ ಇಂಜಿನ್ನಿನ ಕಸುವು ಕಡಿದುಬಿಡಬೇಕು.

ಟ್ಯಾಂಕಿನಲ್ಲಿ ಎಷ್ಟಿದೆ ಎಥೆನಾಲ್?

ಮ್ಯಾಪ್ ಎಷ್ಟೇ ಚೆನ್ನಾಗಿದ್ದರೂ ಇಂಧನ ಬದಲಾದರೆ ಕೆಲಸಕ್ಕೆ ಬಾರದು. ಶೇ 85ಕ್ಕೆ ಹೊಂದಿಸಿದ ಇಂಜಿನ್ನಿಗೆ ಶೇ 60ರ ಮಿಶ್ರಣ ಹೋದರೆ ಲೆಕ್ಕವೆಲ್ಲ ತಪ್ಪುತ್ತದೆ.

ಅಳೆಯಲು ಗ್ಯಾರೇಜಿನವರ ಹಳೆಯ ಉಪಾಯವೊಂದಿದೆ. ಗೆರೆ ಹಾಕಿದ 100 ಮಿಲಿಯ ಗಾಜಿನ ಕೊಳವೆಯಲ್ಲಿ 10ರ ಗೆರೆಯವರೆಗೆ ನೀರು, ಅದರ ಮೇಲೆ 100ರವರೆಗೆ ಇಂಧನ ತುಂಬಿ, ಬಾಯಿ ಮುಚ್ಚಿ ಕುಲುಕಿ ನಿಲ್ಲಿಸುತ್ತಾರೆ. ಎಥೆನಾಲಿಗೆ ಪೆಟ್ರೋಲಿಗಿಂತ ನೀರೇ ಪ್ರಿಯ. ಅದು ಪೆಟ್ರೋಲನ್ನು ಬಿಟ್ಟು ಕೆಳಗಿನ ನೀರಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ನಡುವಿನ ಗೆರೆ 10ರಿಂದ 28ಕ್ಕೆ ಏರಿ ನಿಂತಿತೆಂದರೆ 90 ಮಿಲಿಯಲ್ಲಿ 18 ಮಿಲಿ ಎಥೆನಾಲ್, ಅಂದರೆ ಸುಮಾರು ಶೇ 20.

ರೇಸ್ ಕಾರಿನಲ್ಲಿ ಈ ಕೆಲಸವನ್ನು ಫ್ಲೆಕ್ಸ್ ಫ್ಯುಯೆಲ್ ಸೆನ್ಸರ್ ಮಾಡುತ್ತದೆ. ಇಂಧನದ ಪೈಪಿನಲ್ಲಿ ಕೂತು, ಹರಿಯುವ ದ್ರವದ ವಿದ್ಯುತ್ ಗುಣ ನೋಡಿ ಮಿಡಿತಗಳನ್ನು ಕಳಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಮಾದರಿಯಲ್ಲಿ ಸೆಕೆಂಡಿಗೆ 50 ಮಿಡಿತ ಎಂದರೆ ಎಥೆನಾಲ್ ಇಲ್ಲವೇ ಇಲ್ಲ, 150 ಎಂದರೆ ಪೂರ್ತಿ ಎಥೆನಾಲ್. ಇಸಿಯುನಲ್ಲಿ ಪೆಟ್ರೋಲಿಗೊಂದು, ಎಥೆನಾಲಿಗೊಂದು ಮ್ಯಾಪ್ ಇಟ್ಟು, ನಡುವಿನ ಮಿಶ್ರಣ ಬಂದಾಗ ಎರಡರ ನಡುವೆ ಲೆಕ್ಕ ಹಾಕಿಕೊಳ್ಳುವಂತೆ ಮಾಡುತ್ತಾರೆ. ಯಾವ ಹೊತ್ತಿಗೆ ಏನು ತುಂಬಿಸಿದರೂ ಇಂಜಿನ್ ಹೊಂದಿಕೊಳ್ಳುತ್ತದೆ.

ಚಳಿಗೆ ಮುನಿಸು, ನೀರಿಗೆ ನಂಟು

ಎಥೆನಾಲ್ ಬಿಸಿ ಹೀರುವ ಗುಣಕ್ಕೆ ಇನ್ನೊಂದು ಮುಖವಿದೆ. ಚಳಿಯಲ್ಲಿ ಅದು ಆವಿಯಾಗಲು ಒಪ್ಪುವುದಿಲ್ಲ. ಖಾನಾಪುರದ ಕಾಡಂಚಿನ ಡಿಸೆಂಬರ್ ಬೆಳಗಿನಲ್ಲಿ ಬರೀ ಎಥೆನಾಲ್ ತುಂಬಿದ ಇಂಜಿನ್ ಸೆಲ್ಫ್ ಹೊಡೆದಷ್ಟೂ ಸತಾಯಿಸಬಹುದು. ಇ85ರಲ್ಲಿ ಶೇ 15ರಷ್ಟು ಪೆಟ್ರೋಲ್ ಇರುವುದು ಇದಕ್ಕೂ ಹೌದು, ಮೊದಲ ಕಿಡಿಗೆ ಹೊತ್ತಿಕೊಳ್ಳುವುದು ಆ ಪೆಟ್ರೋಲೇ. ಬ್ರೆಜಿಲ್‌ನ ಕಾರುಗಳಲ್ಲಿ ಚಳಿಗೆಂದೇ ಬಾನೆಟ್ ಅಡಿ ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದರು. 2009ರ ನಂತರ ಇಂಧನವನ್ನೇ ಬಿಸಿ ಮಾಡಿ ಬಿಡುವ ವ್ಯವಸ್ಥೆ ಬಂತು.

ನೀರಿನ ನಂಟು ಇನ್ನೊಂದು ತಾಪತ್ರಯ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ, ಅದರಲ್ಲೂ ಕಡಿಮೆ ಎಥೆನಾಲ್ ಇರುವ ಮಿಶ್ರಣದಲ್ಲಿ, ನೀರು ಹೆಚ್ಚಾದರೆ ಎಥೆನಾಲ್ ಸಮೇತ ತಳಕ್ಕೆ ಇಳಿಯುತ್ತದೆ. ಪಂಪು ಮೊದಲು ಎಳೆಯುವುದು ಆ ತಳದ ದ್ರವವನ್ನೇ. ಹಾಗಾಗಿ ರೇಸ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲಿನಲ್ಲಿ ಇಂಜಿನ್ ಓಡಿಸಿ ನಿಲ್ಲಿಸುವುದು ರೂಢಿ. ಇಂಜಿನ್ ಆಯಿಲ್‌ಗೂ ಎಥೆನಾಲ್ ಇಳಿದು ಬೆರೆಯುವುದರಿಂದ ಅದನ್ನು ಬೇಗ ಬೇಗ ಬದಲಿಸಬೇಕು.

ಬೆಂಕಿಯ ಎಚ್ಚರವೂ ಬೇರೆ. ಎಥೆನಾಲಿನ ಜ್ವಾಲೆ ತಿಳಿನೀಲಿ, ಹಗಲಲ್ಲಿ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ನೊರೆಯಿಂದ ಆರಿಸುವುದಾದರೆ ಆಲ್ಕೋಹಾಲ್ ತಾಳುವ ನೊರೆಯೇ ಬೇಕು.

ಇಂಡಿಯಾನಾಪೊಲಿಸ್‌ನಿಂದ ಹೊಸೂರಿನವರೆಗೆ

ಅಮೆರಿಕದ ಇಂಡಿಕಾರ್ ರೇಸುಗಳು ದಶಕಗಳ ಕಾಲ ಮೆಥನಾಲ್ ಮೇಲೆ ಓಡಿದವು. 1964ರ ಇಂಡಿಯಾನಾಪೊಲಿಸ್ ಓಟದಲ್ಲಿ ಪೆಟ್ರೋಲ್ ಹೊತ್ತಿ ಇಬ್ಬರು ಚಾಲಕರು ಸತ್ತ ಮೇಲೆ ಆದ ಬದಲಾವಣೆ ಅದು. 2007ರಲ್ಲಿ ಅವು ಎಥೆನಾಲಿಗೆ ಬಂದವು. 2012ರಿಂದ ಟರ್ಬೊ ಇಂಜಿನ್ ಮತ್ತು ಇ85 ಒಟ್ಟಿಗೆ ಬಂದವು. 2023ರಲ್ಲಿ ಕಬ್ಬಿನ ಸಿಪ್ಪೆಯಿಂದ ತೆಗೆದ ಎಥೆನಾಲ್ ಬಳಸಿದ ಇಂಧನ ಅಲ್ಲಿಗೆ ಕಾಲಿಟ್ಟಿತು. ಫಾರ್ಮುಲಾ 1 ಕೂಡ 2022ರಲ್ಲಿ ಶೇ 10 ಎಥೆನಾಲ್ ಬೆರೆಸಿತು.

ಎಥೆನಾಲಿನ ತಾಕತ್ತಿಗೆ ಸ್ಪಷ್ಟ ಸಾಕ್ಷಿ ಸ್ವೀಡನ್ನಿನ ಕ್ಯೊನಿಗ್ಸೆಗ್ ಕಂಪನಿಯದು. ಅದರ ಜೆಸ್ಕೊ ಕಾರಿನ ಐದು ಲೀಟರಿನ ಜೋಡಿ ಟರ್ಬೊ ಇಂಜಿನ್ ಪೆಟ್ರೋಲಿನಲ್ಲಿ 1,280 ಅಶ್ವಶಕ್ತಿ ಕೊಟ್ಟರೆ ಇ85ರಲ್ಲಿ 1,600 ಕೊಡುತ್ತದೆ. ಇಂಜಿನ್ ಅದೇ, ಬದಲಾದದ್ದು ಇಂಧನ ಮತ್ತು ಅದಕ್ಕೆ ತಕ್ಕ ಬೂಸ್ಟ್, ಕಿಡಿ.

ನಮ್ಮಲ್ಲಿ ದಾರಿ ತೆರೆದದ್ದು ಬೈಕು. ಹೊಸೂರಿನ ಟಿವಿಎಸ್ 2019ರ ಜುಲೈನಲ್ಲಿ ಎಥೆನಾಲಿನಲ್ಲಿ ಓಡುವ ಅಪಾಚೆ ಆರ್‌ಟಿಆರ್ 200 ತಂದಿತು. ಮೊದಲು ಮಾರಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಬಂಕಿನಲ್ಲಿ ಬರೀ ಎಥೆನಾಲ್ ಸಿಗುತ್ತಿರಲಿಲ್ಲ. 2024ರ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್ 'ಎಥೆನಾಲ್ 100' ಎಂಬ ಇಂಧನವನ್ನು ಕರ್ನಾಟಕವೂ ಸೇರಿ ಐದು ರಾಜ್ಯಗಳ 183 ಬಂಕುಗಳಲ್ಲಿ ತಂದಿತು. ಬಿಡದಿಯಲ್ಲಿ ಕಾರು ಕಟ್ಟುವ ಟೊಯೊಟಾ 2023ರಲ್ಲೇ ಫ್ಲೆಕ್ಸ್ ಫ್ಯುಯೆಲ್ ಇನ್ನೋವಾ ಹೈಕ್ರಾಸ್ ಮಾದರಿ ತೋರಿಸಿದೆ.

ಕಲಿಯುವವರಿಗೆ ಹಾದಿ ಇದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಪಂದ್ಯಗಳು ವಿದೇಶಗಳಲ್ಲಿ ಇ85ಕ್ಕೂ ಅವಕಾಶ ಕೊಟ್ಟಿವೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳು ಇಂಥ ಪಂದ್ಯಗಳಿಂದಲೇ ಹೆಸರಾದವು. ಪೀರನವಾಡಿಗೆ ಕೂಗಳತೆಯ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಇದೆ. ಕಬ್ಬು, ಎರಕ, ಇಂಜಿನಿಯರಿಂಗ್ ಕಾಲೇಜು ಮೂರೂ ಒಂದೇ ರಸ್ತೆಯಲ್ಲಿ ಸಿಗುವ ಊರು ರಾಜ್ಯದಲ್ಲಿ ಹೆಚ್ಚಿಲ್ಲ.

ಮನೆಯ ಕಾರಿಗೆ ಇದನ್ನೆಲ್ಲ ಮಾಡಹೊರಡುವ ಮುನ್ನ ಕಾನೂನು ನೆನಪಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಾಯಿತ ವಾಹನದ ಮೂಲ ರಚನೆ ಬದಲಿಸಲು ಬಿಡುವುದಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿದೆ. ಕಾರ್ಖಾನೆಯ ಎಥೆನಾಲ್ ಅಬಕಾರಿ ಕಾವಲಿನ ಸರಕು, ಡಬ್ಬಿ ಹಿಡಿದು ಹೋದರೆ ಸಿಗುವಂಥದ್ದಲ್ಲ. ರೇಸ್ ಟ್ಯೂನಿಂಗ್ ಏನಿದ್ದರೂ ರೇಸ್ ಟ್ರ್ಯಾಕಿಗೆ, ಚೋರ್ಲಾ ಘಾಟಿನ ತಿರುವಿಗಲ್ಲ.

ನಮ್ಮ ಗಾಡಿಗೆ ಬೇಕಾದ ಪ್ರಶ್ನೆ

ಈಗ ಮೈಲೇಜಿನ ತಕರಾರಿಗೆ ಬರೋಣ. ಬರೀ ಶಕ್ತಿಯ ಲೆಕ್ಕ ಹಿಡಿದರೆ ಇ20ರಲ್ಲಿ ಲೀಟರಿಗೆ ಶೇ 6–7ರಷ್ಟು ಕೊರತೆ ಇದೆ. ಇ20ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 1–2, ಉಳಿದವುಗಳಲ್ಲಿ ಶೇ 3–6 ಇಳಿಯಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು. ಎರಡು ಅಂಕಿಗಳ ನಡುವಿನ ಆ ಅಂತರವೇ ಟ್ಯೂನಿಂಗ್. ಆಕ್ಟೇನ್ ಹೆಚ್ಚಿದ್ದರಿಂದ ಸಿಗುವ ಅವಕಾಶವನ್ನು ಕಿಡಿ, ಕಂಪ್ರೆಷನ್, ಬೂಸ್ಟ್ ಮೂಲಕ ಬಳಸಿಕೊಂಡ ಇಂಜಿನ್ ನಷ್ಟವನ್ನು ಒಂದಷ್ಟು ತುಂಬಿಕೊಳ್ಳುತ್ತದೆ. ಬಳಸಿಕೊಳ್ಳಲಾಗದ ಹಳೆಯ ಬೈಕು ಪೂರ್ತಿ ದಂಡ ತೆರುತ್ತದೆ.

ಬ್ರೆಜಿಲ್‌ನಲ್ಲಿ 1979ರಿಂದ ಎಥೆನಾಲ್ ಕಾರುಗಳಿವೆ, 2003ರಿಂದ ಎರಡನ್ನೂ ಕುಡಿಯುವ ಫ್ಲೆಕ್ಸ್ ಕಾರುಗಳಿವೆ. ಅಲ್ಲಿನವರು ಬಂಕಿನಲ್ಲಿ ನಿಂತು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾರೆ. ಎಥೆನಾಲ್ ದರ ಪೆಟ್ರೋಲ್ ದರದ ಶೇ 70ಕ್ಕಿಂತ ಕಡಿಮೆ ಇದ್ದರೆ ಎಥೆನಾಲ್, ಇಲ್ಲವಾದರೆ ಪೆಟ್ರೋಲ್. ಪೆಟ್ರೋಲ್ 100 ರೂಪಾಯಿ ಇದ್ದರೆ ಎಥೆನಾಲ್ 70ರ ಒಳಗಿರಬೇಕು. ಅಲ್ಲಿ ಗಿರಾಕಿಗೆ ಆಯ್ಕೆ ಇದೆ, ದರದ ಫಲಕ ಇದೆ, ಎರಡಕ್ಕೂ ಒಗ್ಗುವ ಇಂಜಿನ್ ಇದೆ. ನಮ್ಮಲ್ಲಿ ಮಿಶ್ರಣ ಏರಿದಷ್ಟು ಬೇಗ ಈ ಮೂರು ಬಂದಿಲ್ಲ.

ಆದ್ದರಿಂದ ಮುಂದಿನ ಗಾಡಿ ಕೊಳ್ಳುವಾಗ ಶೋರೂಮಿನಲ್ಲಿ 'ಇ20 ನಡೀತದೇನ್ರಿ' ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ನಡೆಯುವುದು ಬೇರೆ, ಹೊಂದಿಸಿರುವುದು ಬೇರೆ. ಪೈಪು ಸೀಲುಗಳನ್ನಷ್ಟೇ ಬದಲಿಸಿದ್ದಾರೋ, ಇಂಜಿನ್ನಿನ ಮ್ಯಾಪ್ ಕೂಡ ಎಥೆನಾಲಿಗೆ ತಕ್ಕಂತೆ ಬರೆದಿದ್ದಾರೋ ಎಂದು ಕೇಳಿ. ಕಬ್ಬು ಬೆಳೆಯುವ ನಾಡಿನ ಗಿರಾಕಿಗೆ ಆ ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗಿಂತ ಒಂದು ತೂಕ ಹೆಚ್ಚೇ ಇದೆ.